ಕೆಂಪು ದಾರದ ಒಂದು ಸುತ್ತು

ಕೊಂಬೆಯ ತುದಿಯಲ್ಲಿ ತೂಗುತ್ತಿದ್ದದ್ದು ಎಲೆಯಲ್ಲ ಎಂಬುದು ಆರ್ವಿಡ್‌ಗೆ ಮೊದಲು ಹೊಳೆಯಲಿಲ್ಲ. ಮೇಪಲ್ ಮರ ಹೊಳೆಯ ಮೇಲಕ್ಕೆ ಬಾಗಿ ನಿಂತಿತ್ತು. ಅದರ ಅರ್ಧ ಎಲೆಗಳು ಆಗಲೇ ಉದುರಿ ನೀರಿನ ಮೇಲೆ ಹಾಸಿಕೊಂಡಿದ್ದವು, ಉಳಿದರ್ಧ ಇವತ್ತೋ ನಾಳೆಯೋ ಅನ್ನುವಂತೆ ಅಲ್ಲಾಡುತ್ತಿದ್ದವು. ಅವುಗಳ ನಡುವೆ ಒಂದು ಮಾತ್ರ ಬೇರೆ ಥರ, ತನ್ನ ಸುತ್ತ ತಾನೇ ತಿರುಗುತ್ತಿತ್ತು. ಎಲೆ ಹಾಗೆ ತಿರುಗುವುದಿಲ್ಲ. ದೋಣಿ ಕೊಂಬೆಯ ಕೆಳಗೆ ಬಂದಾಗ ಅವನು ಮುಂದಿನ ಹಲಗೆಯಿಂದ ಅರ್ಧ ಎದ್ದು, ಕೈ ಚಾಚಿ, ಅದನ್ನು ಮುಷ್ಟಿಯಲ್ಲಿ ಹಿಡಿದು ಎಳೆದ. ಗೇಣುದ್ದ ದಾರದ ಸಮೇತ ಕೈಗೆ ಬಂತು. ದೋಣಿ ಒಂದಿಷ್ಟು ಹೊಯ್ದಾಡಿತು. "ಏನೋ ಅದು?" ಎಂದ ಕ್ಯಾಜ್. ಹುಟ್ಟು ಹಾಕುವವನ ಬೆನ್ನು ದೋಣಿ ಹೋಗುವ ದಿಕ್ಕಿಗೆ ಇರುತ್ತದಲ್ಲ, ಅವನಿಗೆ ಕಂಡಿರಲಿಕ್ಕಿಲ್ಲ. "ಕೊಂಬೆ. ತಲೆಗೆ ಬಡೀತಿತ್ತು," ಎಂದ ಆರ್ವಿಡ್. ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ನೋಡಿ ಅವನಿಗೇ ಕಸಿವಿಸಿಯಾಯಿತು. ಕೈಯಲ್ಲಿದ್ದುದನ್ನು ನೋಡದೆಯೇ ಪ್ಯಾಂಟಿನ ಜೇಬಿಗೆ ಇಳಿಸಿದ. ನೋಡುವ ಅಗತ್ಯವೂ ಇರಲಿಲ್ಲ. ತಾನೇ ಕಟ್ಟಿದ್ದನ್ನು ಬೆರಳು ಗುರುತಿಸುತ್ತದೆ.

ಜಿಗ್ ಅದು. ಸೀಸದ ಪುಟ್ಟ ತಲೆಯಿರುವ ಗಾಳ, ಗಾಳದ ಕುತ್ತಿಗೆಗೆ ಜಿಂಕೆ ಬಾಲದ ಕೂದಲು, ಕೂದಲು ಜಾರದಂತೆ ಬಿಗಿಯಾಗಿ ಸುತ್ತಿದ ಕೆನ್ನೀಲಿ ದಾರ. ಪ್ರತಿ ಫೆಬ್ರವರಿಯಲ್ಲಿ, ಹೊರಗೆ ಮಂಡಿಯುದ್ದ ಹಿಮ ಬಿದ್ದಿರುವಾಗ, ಅಡುಗೆಮನೆಯ ಮೇಜಿನ ಮೇಲೆ ಆರ್ವಿಡ್ ಅಂಥವನ್ನು ಒಂದು ಡಜನ್ ಕಟ್ಟುತ್ತಾನೆ. ಆರು ತನಗೆ, ಆರು ಕ್ಯಾಜ್‌ಗೆ. ಇಪ್ಪತ್ತೆಂಟು ವರ್ಷದಿಂದ ಹೀಗೇ ನಡೆದಿದೆ. ಈ ಫೆಬ್ರವರಿಯಲ್ಲಿ ಮಾತ್ರ ಕ್ಯಾಜ್‌ನ ಆರಕ್ಕೆ, ಕೆನ್ನೀಲಿ ದಾರ ಸುತ್ತುವುದಕ್ಕೆ ಮುಂಚೆ, ಕೆಂಪು ದಾರದ ಒಂದು ಸುತ್ತು ಹಾಕಿದ್ದ. ಮೇಲಿಂದ ನೋಡಿದರೆ ಕಾಣುವುದಿಲ್ಲ, ಉಗುರಿನಿಂದ ಸರಿಸಿದರೆ ಕಾಣುತ್ತದೆ. ಮೇಜು ಒರೆಸಲು ಬಂದ ಹೆಂಡತಿ ಲಾವೋನ್ ಕನ್ನಡಕ ಏರಿಸಿಕೊಂಡು ನೋಡಿದ್ದಳು. "ಮುಚ್ಚಿಹೋಗೋ ಕಡೆ ಕೆಂಪು ಯಾಕೆ?" "ಗುರುತಿಗೆ." "ಯಾರ ಗುರುತಿಗೆ?" ಅವನು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದ. "ಓಹೋ, ಕ್ಯಾಜ್ ಮೇಲೆ ಪೊಲೀಸ್ ಕೆಲಸ ಶುರು ಹಚ್ಕೊಂಡ್ಯಾ? ಇಡೀ ಊರಲ್ಲಿ ನಿನ್ನನ್ನ ಸಹಿಸ್ಕೊಂಡಿರೋನು ಅವನೊಬ್ಬ. ಅವನನ್ನೂ ಕಳ್ಕೋ, ಆಮೇಲೆ ದಿನಾ ನನ್ನ ತಲೆ ತಿನ್ನು," ಎಂದಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೋದ ವರ್ಷ ಹೊಳೆಯ ಈ ಗುಟ್ಟಿನ ಮಡುವಿನಲ್ಲಿ ಸಿಕ್ಕಿದ್ದು ಬರೀ ಒಂಬತ್ತು ಮೀನು. ಮೂವತ್ತು ಸಿಗುತ್ತಿದ್ದ ಕಡೆ ಒಂಬತ್ತು. ಯಾರೋ ಬರುತ್ತಿದ್ದಾರೆ, ಯಾರೋ ಕರೆತರುತ್ತಿದ್ದಾರೆ ಎಂದು ಅವನಿಗೆ ಆಗಲೇ ಅನ್ನಿಸಿತ್ತು. ಕರೆತಂದವನು ಬಂದವನಿಗೆ ಒಂದು ಜಿಗ್ ಕೊಡದೆ ಇರುತ್ತಾನೆಯೇ, ಬಂದವನು ಅದನ್ನು ಎಲ್ಲಾದರೂ ಸಿಕ್ಕಿಸದೆ ಇರುತ್ತಾನೆಯೇ? ಹುಚ್ಚು ಲೆಕ್ಕ ಎಂದು ಅವನಿಗೇ ಗೊತ್ತಿತ್ತು. ಈಗ ನೋಡಿದರೆ ಆ ಹುಚ್ಚು ಲೆಕ್ಕವೇ ಸರಿಯಾಗಿ ಜೇಬಿನಲ್ಲಿ ಕೂತಿತ್ತು. ಹೋದ ಶನಿವಾರ ಇಬ್ಬರೂ ಬಂದಾಗ ಆ ಕೊಂಬೆಯಲ್ಲಿ ಇದಿರಲಿಲ್ಲ. ಹೆಬ್ಬೆರಳನ್ನು ಒಳಗೆ ಹಾಕಿ ಉಗುರಿನಿಂದ ದಾರ ಸರಿಸಿದ. ಜೇಬಿನ ಬಾಯಿ ಅಗಲಿಸಿ, ಕೆಮ್ಮುವವನಂತೆ ಬಗ್ಗಿ ನೋಡಿದ. ಕೆಂಪು ಇತ್ತು.

ಈ ಮಡುವನ್ನು ಕಂಡುಕೊಂಡದ್ದು ಕ್ಯಾಜ್‌ನ ಅಪ್ಪ. ಎಲೆ ಉದುರತೊಡಗಿ ನೀರು ತಣ್ಣಗಾಗುತ್ತ ಬಂದಂತೆ ಹೊಳೆಯ ಬ್ಯಾಸ್ ಮೀನುಗಳು ಮೈಲಿಗಟ್ಟಲೆ ದೂರದಿಂದ ಈಜಿ ಬಂದು ಒಂದೆರಡು ಆಳದ ಮಡುಗಳಲ್ಲಿ ಸೇರುತ್ತವೆ. ಮೇಲೆ ಹೊಳೆ ಹೆಪ್ಪುಗಟ್ಟಿದರೂ ಅಲ್ಲೇ, ಒಂದರ ಮಗ್ಗುಲಿಗೆ ಒಂದು, ವಸಂತದವರೆಗೆ. ವರ್ಷವರ್ಷವೂ ಅದೇ ಮಡುವಿಗೇ ಬರುತ್ತವೆ. ಹಾಗಾಗಿ ಅಂಥ ಮಡು ಗೊತ್ತಿದ್ದವನ ಕೈಯಲ್ಲಿ ಇಡೀ ಹೊಳೆ ಇದ್ದಂತೆ. ಹಿಡಿದು ಬಿಡುವವನಾದರೆ ಸರಿ, ದುರಾಸೆಯವರು ಇಬ್ಬರು ಒಂದು ವಾರ ಕೂತರೆ ಹತ್ತು ಮೈಲಿ ಹೊಳೆ ಬರಿದು. ವಿಸ್ಕಾನ್ಸಿನ್ನಿನ ಈ ಊರಿನ ಗಂಡಸರು ಜಿಂಕೆ ಹೊಡೆದ ಜಾಗ ಹೇಳುತ್ತಾರೆ, ಹೆಂಡತಿ ಜತೆ ಜಗಳವಾಡಿದ್ದು ಹೇಳುತ್ತಾರೆ, ಎರಡು ಬ್ರಾಂಡಿ ಒಳಗೆ ಹೋದರೆ ಪಾದ್ರಿಗೂ ಹೇಳದ್ದನ್ನು ಹೇಳುತ್ತಾರೆ; ಚಳಿಗಾಲದ ಮಡು ಎಲ್ಲಿದೆ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಒಬ್ಬ ತೋರಿಸಿದ ಮಡುವನ್ನು ಇನ್ನೊಬ್ಬನಿಗೆ ತೋರಿಸಿದವನ ಜತೆ ಯಾರೂ ದೋಣಿ ಹತ್ತುವುದಿಲ್ಲ. ಅಪ್ಪನನ್ನು ಮಣ್ಣು ಮಾಡಿದ ವರ್ಷ ಕ್ಯಾಜ್ ಇಲ್ಲಿಗೆ ಆರ್ವಿಡ್‌ನನ್ನು ಕರೆತಂದಿದ್ದ. ಇದೇ ಮೇಪಲ್ ಆಗ ಇಷ್ಟು ಬಾಗಿರಲಿಲ್ಲ. "ನಾನಿಲ್ದೆ ನೀನು ಬರಬಾರದು, ನೀನಿಲ್ದೆ ನಾನು ಬರಲ್ಲ. ಮೂರನೆಯವನಂತೂ ಇಲ್ಲ. ಆಯ್ತಾ?" ಎಂದಿದ್ದ. ಆಯ್ತು ಎಂದು ಆರ್ವಿಡ್ ಹೇಳಿದ್ದ. ಯಾರೂ ಅಷ್ಟು ದೊಡ್ಡದನ್ನು ಅವನ ಕೈಗೆ ಅದುವರೆಗೆ ಕೊಟ್ಟಿರಲಿಲ್ಲ.

"ಲಂಗರು ಬಿಡು," ಎಂದ ಕ್ಯಾಜ್. ಆರ್ವಿಡ್ ಬಿಟ್ಟ. ಹಗ್ಗ ಹೊಸದು. ಯಾವಾಗ ಕೊಂಡ, ಯಾಕೆ ಕೊಂಡ? ತಾನು ಕೂತ ಹಲಗೆಗೆ ಬೆನ್ನೊರಗಿಸಲು ಒಂದು ಮೆತ್ತೆ ಕಟ್ಟಿತ್ತು, ಅದೂ ಹೊಸದು. ಬೆಳಿಗ್ಗೆ ದೋಣಿ ಇಳಿಸುವಾಗ ಕೇಳಿದ್ದಕ್ಕೆ "ವಯಸ್ಸಾಯ್ತಲ್ಲ, ಸುಖವಾಗಿ ಕೂತ್ಕೋ ರಾಜ," ಎಂದು ಕ್ಯಾಜ್ ನಕ್ಕಿದ್ದ. ಆಗ ಅದು ಪ್ರೀತಿ ಅನ್ನಿಸಿತ್ತು. ಈಗ ಆರ್ವಿಡ್ ಮೆತ್ತೆಗೆ ಒರಗಿ ನೋಡಿದ. ಅದರ ತಗ್ಗು ಅವನ ಬೆನ್ನಿನದಲ್ಲ. ಅವನಿಗಿಂತ ಗಿಡ್ಡನೆಯ, ಒಂದು ಕಡೆಗೆ ವಾಲಿ ಕೂರುವ ಯಾರೋ ಅದಕ್ಕೆ ಒರಗಿ ಬಹಳ ಹೊತ್ತು ಕೂತಿದ್ದರು. ಕಂಡವರ ಬೆನ್ನಿನ ಶಾಖ ಇನ್ನೂ ಅಲ್ಲಿರುವಂತೆ ಭಾಸವಾಗಿ ಅವನು ನೆಟ್ಟಗೆ ಕೂತ.

ಎಲೆಗಳ ಕಾಲದಲ್ಲಿ ಗಾಳ ಹಾಕುವುದೆಂದರೆ ತಾಳ್ಮೆಯ ಸತ್ವಪರೀಕ್ಷೆ. ಮೇಲೆ ತೇಲುವ ಎಲೆಯನ್ನಾದರೂ ಕಂಡು ತಪ್ಪಿಸಬಹುದು, ನೀರಿನ ಒಳಗೆ ಅರ್ಧ ಮುಳುಗಿ ಬರುವವನ್ನು ಏನು ಮಾಡುವುದು? ಅದರ ಜತೆಗೆ ಬೇಸಿಗೆಯಿಡೀ ತಳದಲ್ಲಿ ಬೆಳೆದು ಈಗ ಬೇರು ಸಡಿಲವಾಗಿ ಕಿತ್ತುಬರುವ ಕಳೆ, ಮಾರುದ್ದದ ಹಸಿರು ಸಿಕ್ಕುಗಳಾಗಿ. ಎಸೆದ ಜಿಗ್ ತಳ ಮುಟ್ಟುವ ಮುಂಚೆಯೇ ದಾರ ಭಾರವಾಗುತ್ತದೆ. ಬ್ಯಾಸ್ ಈ ಚಳಿಯಲ್ಲಿ ಹಸಿವಿನಿಂದ ಎಗರುವುದಿಲ್ಲ, ಸುಮ್ಮನೆ ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಅದೂ ದಾರ ಭಾರವಾದಂತೆಯೇ. ಎಲೆಯೋ ಮೀನೋ ಎಂದು ತುದಿಬೆರಳಿಗೆ ತಿಳಿಯಬೇಕು. ಆರ್ವಿಡ್‌ಗೆ ತಿಳಿಯುತ್ತಿತ್ತು, ಅದು ಅವನ ಹೆಮ್ಮೆ. ಇವತ್ತು ಮಾತ್ರ ಏಳು ಸಲ ಎಳೆದ, ಏಳು ಸಲವೂ ಎಲೆ. "ಒಳ್ಳೇ ಓಕ್ ಎಲೆ ಹಿಡ್ದೆ. ಅಳತೆಪಟ್ಟಿ ತರ್ಲಾ?" ಎಂದ ಕ್ಯಾಜ್. ಬೇರೆ ದಿನವಾಗಿದ್ದರೆ ಆರ್ವಿಡ್ ಏನಾದರೂ ತಿರುಗಿಸಿ ಹೇಳಿ ಇಬ್ಬರೂ ನಗುತ್ತಿದ್ದರು. ಇವತ್ತು ಆ ತಮಾಷೆಯೊಳಗೂ ಏನೋ ಇದ್ದಂತೆ ತೋರಿತು. ಎಲೆಯನ್ನು ಬಿಡಿಸಿ ನೀರಿಗೆ ಎಸೆದ. ಕಾಲು ಅಲ್ಲಾಡಿಸಿದಾಗೆಲ್ಲ ಜೇಬಿನೊಳಗಿನ ಗಾಳ ತೊಡೆಗೆ ಒತ್ತುತ್ತಿತ್ತು.

ಹತ್ತು ಗಂಟೆಗೆ ಕ್ಯಾಜ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅದಕ್ಕೆ ಒಂದೊಂದು ಮುಚ್ಚಳ ಬ್ರಾಂಡಿ ಹಾಕಿದ. ಜಿಂಕೆ ಮಾಂಸದ ಸಾಸೇಜನ್ನು ಮಂಡಿಯ ಮೇಲಿಟ್ಟುಕೊಂಡು ಚಾಕುವಿನಿಂದ ಕುಯ್ದು, ಚೀಸ್ ಜತೆ ಮುಂದಕ್ಕೆ ಚಾಚಿದ. ಆರ್ವಿಡ್ ನೋಡಿದ. ಚೂರುಗಳು ಉಗುರಿನಷ್ಟು ಚಿಕ್ಕವು. ಯಾವಾಗಲೂ ಹೆಬ್ಬೆರಳು ಗಾತ್ರ ಕುಯ್ಯುವವನು ಇವತ್ತೇಕೆ ಹಲ್ಲಿಲ್ಲದವರಿಗೆ ಕುಯ್ದಂತೆ ಕುಯ್ದಿದ್ದಾನೆ? "ಏನ್ ನೋಡ್ತಿದೀಯ, ವಿಷ ಹಾಕಿಲ್ಲ ಕಣೋ, ತಿನ್ನು," ಎಂದ ಕ್ಯಾಜ್. ತಿಂದ. ಕಾಳುಮೆಣಸು ಜಾಸ್ತಿಯಾಗಿತ್ತು. ಎದುರಿಗೆ ಕೂತವನ ಮುಖವನ್ನು ಕಾಫಿ ಲೋಟದ ಅಂಚಿನ ಮೇಲಿಂದ ನೋಡಿದ. ನೋಡಿ ನೋಡಿ ಸವೆದುಹೋದ ಮುಖ. ಎಡಗೆನ್ನೆಯಲ್ಲಿ ಕಾರ್ಖಾನೆಯ ಉಗಿ ಹೊಡೆದ ಗುರುತು, ಕಿವಿಯ ಮೇಲೆ ಬಿಳಿಕೂದಲು. ಈ ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ ಎಂದು ಇಷ್ಟು ವರ್ಷ ತನಗೇಕೆ ಅನ್ನಿಸಲಿಲ್ಲ? ಅಥವಾ ಅನ್ನಿಸಿಯೇ ಇತ್ತೋ? ಇದು ನಿಜವಾದರೆ ಇನ್ನು ಈ ದೋಣಿ ಹತ್ತುವ ಹಾಗಿಲ್ಲ. ದೋಣಿ ಹತ್ತದಿದ್ದರೆ ಶನಿವಾರ ಎಂಬುದಿಲ್ಲ, ಅಕ್ಟೋಬರ್ ಎಂಬುದಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಬೂಟು ಹುಡುಕುವ ಕಾರಣವಿಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಮುದುಕರನ್ನು ಅವನು ಕಂಡಿದ್ದ. ಅವನಿಗೆ ಹೆದರಿಕೆಯಾಯಿತು, ಹೆದರಿಕೆಯ ಬೆನ್ನಿಗೇ ಸಿಟ್ಟು ಬಂತು. ಇಂಥ ಕೆಲಸ ಮಾಡಲು ಮನಸ್ಸಾದರೂ ಹೇಗೆ ಬರುತ್ತದೆ ಒಬ್ಬ ಮನುಷ್ಯನಿಗೆ?

ಹೇಗೆ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಕಾಗದದ ಕಾರ್ಖಾನೆಯ ಎರಡನೇ ಯಂತ್ರ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂದಿತ್ತು. ಕೊನೆಗೆ ಸೇರಿದವನು ಮೊದಲು ಹೊರಗೆ, ಅದು ಯೂನಿಯನ್ನಿನ ನಿಯಮ. ಆದರೆ ಆರ್ವಿಡ್ ಬ್ರೆಕ್ಕೆ ಮತ್ತು ಕ್ಯಾಜ್ ಡೊಂಬ್ರೋವ್ಸ್ಕಿ ಒಂದೇ ಬೆಳಿಗ್ಗೆ, ಒಂದೇ ಸಾಲಿನಲ್ಲಿ ನಿಂತು ಸೇರಿದವರು. ಉಳಿಯುವವರನ್ನೂ ಹೋಗುವವರನ್ನೂ ಬೇರ್ಪಡಿಸುವ ಗೆರೆ ಸರಿಯಾಗಿ ಅವರಿಬ್ಬರ ಮಧ್ಯೆ ಬಂದು ನಿಂತಿತು. ಅಂಥ ಕಡೆ ಫೋರ್ಮನ್ ಹೇಳಿದ್ದೇ ಕೊನೆ, ಫೋರ್ಮನ್ ವರ್ನನ್ ಕ್ರೂಗರ್‌ಗೆ ಮೀನಿನ ಹುಚ್ಚು. ಕ್ಯಾಜ್ ಮಿಲ್ವಾಕಿಯಲ್ಲಿದ್ದ ತಂಗಿಯ ಮನೆಗೆ ಹೋದ ಒಂದು ಗುರುವಾರ ಆರ್ವಿಡ್ ತನ್ನ ದೋಣಿಯಲ್ಲಿ ಕ್ರೂಗರ್‌ನನ್ನು ಕೂರಿಸಿಕೊಂಡು ಇಲ್ಲಿಗೆ ಬಂದ. "ಮೂರನೇ ನಡುಗಡ್ಡೆ ದಾಟಿ ಎಡಕ್ಕೆ, ಆ ಬಾಗಿದ ಮೇಪಲ್ ಗುರುತಿಟ್ಟುಕೊಳ್ಳಿ," ಎಂದು ದಾರಿಯನ್ನೂ ಹೇಳಿಕೊಟ್ಟ. ಕ್ರೂಗರ್ ಹನ್ನೊಂದು ಮೀನು ಹಿಡಿದು, ಹನ್ನೊಂದನ್ನೂ ಬಿಟ್ಟು, "ದೇವರಾಣೆ ಬ್ರೆಕ್ಕೆ, ಇಂಥದೊಂದು ನಮ್ಮೂರಲ್ಲೇ ಇದೆ ಅಂತ ಗೊತ್ತಿರ್ಲಿಲ್ಲ," ಎಂದು ಕೈ ಕುಲುಕಿದ. ಕೆಲಸದ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಲಿಲ್ಲ ಎಂಬುದನ್ನೇ ಆರ್ವಿಡ್ ಅಂದಿನಿಂದ ತನ್ನ ಪರವಾದ ಸಾಕ್ಷಿಯಂತೆ ಕಾಪಾಡಿಕೊಂಡು ಬಂದಿದ್ದಾನೆ. ನಾಲ್ಕು ದಿನಕ್ಕೆ ಕೆಲಸ ಹೋದವರ ಪಟ್ಟಿ ಗೋಡೆಗೆ ಬಿತ್ತು. ಕ್ಯಾಜ್ ಡೊಂಬ್ರೋವ್ಸ್ಕಿ ಎಂಬ ಹೆಸರಿನ ಮುಂದೆ ನಿಂತು ಕ್ಯಾಜ್ ಅದನ್ನು ಎರಡು ಸಲ ಓದಿ, ತಿರುಗಿ, "ಸದ್ಯ, ಇಬ್ಬರಲ್ಲಿ ಒಬ್ಬನಾದ್ರೂ ಉಳ್ಕೊಂಡ್ಯಲ್ಲ," ಎಂದಿದ್ದ. ಆ ಮಾತನ್ನು ಆರ್ವಿಡ್ ಎಷ್ಟು ರಾತ್ರಿ ಹೊರಳಿಸಿ ನೋಡಿದ್ದಾನೋ ಲೆಕ್ಕವಿಲ್ಲ. ಅದರಲ್ಲಿ ಚುಚ್ಚು ಇತ್ತೇ? ಇರಲಿಲ್ಲವೆಂದರೆ ಇನ್ನೂ ಕೆಟ್ಟದ್ದು. ಆಮೇಲೆ ಕ್ಯಾಜ್ ಶಾಲೆಯ ಬಸ್ಸು ಓಡಿಸಿದ, ಈಗ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಓಡಿಸುತ್ತಾನೆ. ಆರ್ವಿಡ್ ಇನ್ನೂ ಆರು ವರ್ಷ ಯಂತ್ರದ ಪಕ್ಕ ನಿಂತು ಪೂರ್ತಿ ಪಿಂಚಣಿ ತೆಗೆದುಕೊಂಡ.

"ಬಂತು!" ಎಂದ ಕ್ಯಾಜ್. ಅವನ ಕೋಲು ಬಿಲ್ಲಿನಂತೆ ಬಾಗಿತ್ತು. ಎಲೆಯಲ್ಲ, ಕಳೆಯಲ್ಲ, ದಾರ ನೀರನ್ನು ಸೀಳಿಕೊಂಡು ಮೇಲುದಿಕ್ಕಿಗೆ ಓಡಿತು. ಮೀನು ಒಮ್ಮೆ ಮೇಲೆ ಬಂದು ಹೊರಳಿತು, ಕಂಚಿನ ಬಣ್ಣದ ಅಗಲ ಮಗ್ಗುಲು, ಕೆಂಪು ಕಣ್ಣು. ಇಷ್ಟು ದೊಡ್ಡದು ಈ ಮಡುವಿನಲ್ಲೂ ನಾಲ್ಕೈದು ವರ್ಷಕ್ಕೊಮ್ಮೆ ಸಿಗುವುದು. "ಬಲೆ, ಬಲೆ ತಗೋ ಆರ್ವಿಡ್!" ಆರ್ವಿಡ್ ಕೈಬಲೆ ಎತ್ತಿಕೊಂಡು ಮಂಡಿಯೂರಿದ. ಒಬ್ಬನ ಮೀನಿಗೆ ಇನ್ನೊಬ್ಬ ಬಲೆ ಹಿಡಿಯುವುದು, ಅದರಲ್ಲಿ ಅವನು ಒಮ್ಮೆಯೂ ತಪ್ಪಿದವನಲ್ಲ. ತಲೆಯ ಕಡೆಯಿಂದ, ನೀರಿನ ಒಳಗೆ, ಸದ್ದಿಲ್ಲದೆ. ಮೀನು ದೋಣಿಯ ಪಕ್ಕಕ್ಕೆ ಬಂತು, ಅದರ ಹಿಂದೆ ದಾರಕ್ಕೆ ಸಿಕ್ಕಿದ ಕಳೆಯ ಉದ್ದ ಬಾಲ. ಅವನು ಬಲೆ ಇಳಿಸಿದ. ಇಳಿಸುವಾಗ ಬಲೆಯ ಅಂಚು ದಾರಕ್ಕೆ ತಗುಲಿತು. ಮೀನು ತಲೆ ಕೊಡವಿತು, ಜಿಗ್ ಚಿಮ್ಮಿ ಬಂದು ದೋಣಿಯ ಮಗ್ಗುಲಿಗೆ ಟಣ್ಣೆಂದು ಬಡಿಯಿತು. ತಗುಲಿತೋ, ತಗುಲಿಸಿದನೋ? ಆರ್ವಿಡ್ ಖಾಲಿ ಬಲೆ ಹಿಡಿದು ನೀರನ್ನೇ ನೋಡಿದ. ತಗುಲಿತು ಎಂದು ಆಣೆ ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಕ್ಯಾಜ್ ಸಡಿಲವಾದ ದಾರವನ್ನು ಸುತ್ತಿಕೊಂಡ. "ಹೋಗ್ಲಿ ಬಿಡು. ಕಳೆ ಅಡ್ಡ ಬಂತು," ಎಂದ.

ಆ ಮಾತೇ ಆರ್ವಿಡ್‌ನನ್ನು ಕೆರಳಿಸಿದ್ದು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಕಳ್ಳನಾದವನು ಇಷ್ಟು ದೊಡ್ಡತನ ಯಾಕೆ ತೋರಿಸಬೇಕು, ಏನು ಮುಚ್ಚಿಕೊಳ್ಳಲು? ಮಂಗಳವಾರ ಕ್ಯಾಜ್‌ನ ಮನೆಯ ಮುಂದೆ ದೋಣಿ ಇರಲಿಲ್ಲ ಎಂಬುದು ಈಗ ನೆನಪಾಯಿತು. "ಮಂಗಳವಾರ ಎಲ್ಲಿದ್ದೆ?" ಎಂದ ಆರ್ವಿಡ್. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಮಂಗಳವಾರ? ವ್ಯಾನ್ ದಿನ ಅಲ್ವಾ."

"ವ್ಯಾನಲ್ಲೇ ಇದ್ಯಾ? ಹೊಳೆಗೆ ಬಂದಿರ್ಲಿಲ್ವಾ?"

ಕ್ಯಾಜ್ ತನ್ನ ಜಿಗ್‌ಗೆ ಸುತ್ತಿದ ಕಳೆಯನ್ನು ಎಳೆ ಎಳೆಯಾಗಿ ಬಿಡಿಸಿದ. "ಇದೇನಿದು ಹಾಗಾದ್ರೆ? ಇಲ್ನೋಡು!" ಎಂದು ಆರ್ವಿಡ್ ಜೇಬಿಗೆ ಕೈ ಹಾಕಿ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಗಾಳದ ಮೊನೆ ಜೇಬಿನ ಬಟ್ಟೆಯೊಳಗೆ ಹೂತು, ಆಚೆ ಬಂದು, ಪ್ಯಾಂಟಿನ ತೊಡೆಗೂ ಸೇರಿಸಿ ಕಚ್ಚಿಕೊಂಡಿತ್ತು. ಎದ್ದು ನಿಂತು ಎಳೆಯಲು ಹೋದ, ದೋಣಿ ವಾಲಿತು. "ಕೂತ್ಕೋ ಮಾರಾಯ, ಇಬ್ಬರನ್ನೂ ಮುಳುಗಿಸ್ತೀಯ," ಎಂದ ಕ್ಯಾಜ್. ಆರ್ವಿಡ್ ಕೂತ. ಕಳ್ಳತನ ಹಿಡಿದು ತೋರಿಸಬೇಕಾದವನು ಒಂದು ಕಾಲು ಚಾಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಮುಳ್ಳು ತುಳಿದ ಮಗುವಿನಂತೆ ಕೂತಿದ್ದ. ಕ್ಯಾಜ್ ಇಕ್ಕಳ ತೆಗೆದುಕೊಂಡು ಮಂಡಿಯ ಮೇಲೆ ಸರಿದು ಬಂದ. ಜೇಬನ್ನು ಹೊರಳಿಸಿ, ಚಾಕುವಿನಿಂದ ಬಟ್ಟೆಯನ್ನು ಒಂದು ಬೆರಳಗಲ ಕುಯ್ದು, ಗಾಳ ಬಿಡಿಸಿದ. "ತೊಡೆಗೆ ಹೋಗಿಲ್ಲ ತಾನೆ? ಕೊಂಬೆಯಿಂದ ಕಿತ್ತಾಗಲೇ ದೋಣಿಗೆ ಹಾಕಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

"ನೋಡಿದ್ಯಾ?"

"ಕಣ್ಣಿಂದ ನೋಡ್ಬೇಕಾ? ದೋಣಿ ವಾಲಿದ್ದು ಗೊತ್ತಾಗಲ್ವಾ? ಮಂಗಳವಾರ ಆ ಕೊಂಬೆಗೆ ಸಿಕ್ಕಿಸಿದಾಗ ನಾನೂ ಬಿಡಿಸೋಕೆ ನೋಡ್ದೆ, ಎಟುಕಲಿಲ್ಲ."

"ಯಾರನ್ನ ಕರ್ಕೊಂಡು ಬಂದಿದ್ದೆ?" ಎಂದ ಆರ್ವಿಡ್. "ನಮ್ಮಿಬ್ಬರ ಮಧ್ಯೆ ಒಂದು ಮಾತಿತ್ತು, ಕ್ಯಾಜ್. ಯಾರನ್ನ ತಂದೆ ಇಲ್ಲಿಗೆ?"

ಕ್ಯಾಜ್ ಹಿಂದಕ್ಕೆ ಸರಿದು ತನ್ನ ಹಲಗೆಯ ಮೇಲೆ ಕೂತ. ಜಿಗ್ ಅವನ ಅಂಗೈಯಲ್ಲಿತ್ತು. "ನೀನು ತಂದಿದ್ಯಲ್ಲ," ಎಂದ, "ಅವನನ್ನೇ."

ಹೊಳೆಯ ಸದ್ದು ಅಷ್ಟು ಹೊತ್ತೂ ಇತ್ತು, ಆರ್ವಿಡ್‌ಗೆ ಕೇಳಿಸಿದ್ದು ಈಗ. ಲಂಗರಿನ ಹಗ್ಗಕ್ಕೆ ಎಲೆಗಳು ಬಂದು ಒಂದರ ಮೇಲೊಂದು ಒತ್ತಿ ನಿಂತಿದ್ದವು. ಯಾರು, ಯಾವನು, ನನಗೇನು ಗೊತ್ತು ಎಂಬ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು. ಯಾವುದನ್ನೂ ಆಡಲು ನಾಚಿಕೆಯಾಯಿತು. ಕ್ಯಾಜ್ ಅವನ ಮುಖ ನೋಡದೆ, ಮಡುವಿನ ಕಡೆ ತಿರುಗಿಯೇ ಹೇಳಿದ. "ಕ್ರೂಗರ್ ಈಗ ನನ್ನ ವ್ಯಾನಲ್ಲಿ ಬರ್ತಾನೆ, ಮಂಗಳವಾರ ಶುಕ್ರವಾರ. ಕೈ ನಡುಗೋ ಕಾಯಿಲೆ. ಲೋಟ ಎತ್ತೋಕೂ ಆಗಲ್ಲ, ಗಟ್ಟಿ ಏನೂ ನುಂಗೋಕಾಗಲ್ಲ. ಈ ಮಂಗಳವಾರ ದಾರೀಲಿ ಇದ್ದಕ್ಕಿದ್ದ ಹಾಗೆ, 'ಕ್ಯಾಜ್, ನಿನ್ನ ಕೆಲಸದ ವಿಷಯದಲ್ಲಿ ನಿನಗೆ ಅನ್ಯಾಯ ಮಾಡ್ದೆ, ನಾನು ಸಾಯೋದ್ರೊಳಗೆ ನಿನಗೊಂದು ಜಾಗ ತೋರಿಸ್ಬೇಕು, ದೋಣಿ ತಗೊಂಡು ಬಾ,' ಅಂದ. ಬೇಡ ಅಂದ್ರೆ ಕೇಳಲಿಲ್ಲ. ಎತ್ತಿ ಕೂರಿಸ್ದೆ, ನೀನು ಕೂತಿದೀಯಲ್ಲ ಅಲ್ಲೇ. ಅವನು ಹೇಳ್ದ ಹಾಗೆ ಹುಟ್ಟು ಹಾಕ್ದೆ. ಮೂರನೇ ನಡುಗಡ್ಡೆ ದಾಟಿ ಎಡಕ್ಕೆ ಅಂದ. ಬಾಗಿದ ಮೇಪಲ್ ಅಂದ. ಹೋಗ್ತಾ ಹೋಗ್ತಾ ನನಗೆ ಗೊತ್ತಾಯ್ತು ಕಣೋ. ನಮ್ಮಪ್ಪನ ಮಡೂನ ನನಗೇ ತೋರಿಸ್ತಾ ಇದಾನೆ! 'ಹೇಗಿದೆ?' ಅಂದ. ಅಬ್ಬಾ, ಇಷ್ಟು ಚೆನ್ನಾಗಿದೆಯಾ ಅಂದೆ. ಇನ್ನೇನನ್ನಲಿ? 'ಇದು ಬ್ರೆಕ್ಕೆ ನನಗೆ ತೋರಿಸಿದ್ದು, ಯಾರಿಗೂ ಹೇಳಬೇಡ,' ಅಂತ ನನ್ನ ಕೈ ಹಿಡ್ಕೊಂಡು ಮಾತು ತಗೊಂಡ. ಅದಕ್ಕೇ ನಿನಗೂ ಹೇಳಿರ್ಲಿಲ್ಲ."

ಆರ್ವಿಡ್‌ನ ಬೆನ್ನು ಮೆತ್ತೆಯ ಮೇಲಿನ ಆ ವಾಲಿದ ತಗ್ಗಿಗೆ ತಾನಾಗಿ ತಾಗಿತು. "ನನಗೆ ಮನೆ ಸಾಲ ಇತ್ತು, ಲಾವೋನ್‌ಗೆ ಆಪರೇಷನ್..." ಎಂದು ಶುರುಮಾಡಿ ನಿಲ್ಲಿಸಿದ. ಲಾವೋನ್‌ನ ಆಪರೇಷನ್ ಆದದ್ದು ಮರುವರ್ಷ. ಇಬ್ಬರಿಗೂ ಅದು ಗೊತ್ತು. ಆಸ್ಪತ್ರೆಯ ಹಜಾರದಲ್ಲಿ ಮೂರು ದಿನ ಅವನ ಪಕ್ಕ ಕೂತಿದ್ದವನು ಕ್ಯಾಜ್.

"ಇನ್ನೊಂದು ಹೇಳ್ದ," ಎಂದ ಕ್ಯಾಜ್. "ನಮ್ಮಿಬ್ಬರಲ್ಲಿ ಯಾರು ಅಂತ ಅವನು ನಾಣ್ಯ ಚಿಮ್ಮಿದ್ನಂತೆ. ಚಿಮ್ಮಿ, ಹೆಸರು ಬರೆದು, ಆಫೀಸಿಗೆ ಕಳಿಸಿಯೂ ಆಗಿತ್ತಂತೆ. ಅದಾಗಿ ಹತ್ತು ದಿನಕ್ಕೆ ನೀನು ಬಂದು ಮೀನಿಗೆ ಕರೆದ್ಯಂತೆ. ಹೇಳೋಣ ಅಂದ್ಕೊಂಡ್ನಂತೆ, ಆಮೇಲೆ ಹನ್ನೊಂದು ಮೀನು ಸಿಕ್ತಲ್ಲ, ಮರೆತ್ನಂತೆ."

ಮೊದಲ ಗಳಿಗೆಯಲ್ಲಿ ಆರ್ವಿಡ್‌ಗೆ ಎದೆಯ ಮೇಲಿಂದ ಯಾರೋ ಎದ್ದು ಹೋದಂತೆ ಹಗುರಾಯಿತು. ತನ್ನಿಂದ ಅಲ್ಲ! ಕ್ಯಾಜ್‌ನ ಕೆಲಸ ಹೋದದ್ದು ತನ್ನಿಂದ ಅಲ್ಲವೇ ಅಲ್ಲ. ಅದನ್ನು ಕೂಗಿ ಹೇಳಬೇಕೆನ್ನಿಸಿತು. ಎರಡನೇ ಗಳಿಗೆಗೆ ಅದರ ಇನ್ನೊಂದು ಮಗ್ಗುಲು ಕಂಡಿತು. ಅಂದರೆ ಮಡುವನ್ನು ಕೊಟ್ಟದ್ದು ಯಾವುದಕ್ಕೂ ಅಲ್ಲ. ಸುಮ್ಮನೆ, ಪುಕ್ಕಟೆ, ಆಗಲೇ ತನ್ನದಾಗಿದ್ದ ಕೆಲಸಕ್ಕೆ. ಹೊಟ್ಟೆಪಾಡಿಗೆ ಮಾಡಿದೆ ಎಂದು ಒಂಬತ್ತು ವರ್ಷ ತನಗೆ ತಾನೇ ಹೇಳಿಕೊಂಡ ಸಮಾಧಾನವೂ ಕೈಬಿಟ್ಟು ಹೋಯಿತು. ಕ್ಷಮಿಸು ಎನ್ನಬೇಕಿತ್ತು. ಅದನ್ನು ಹೇಳಿದರೆ ಕ್ಯಾಜ್ ತಲೆ ಅಲ್ಲಾಡಿಸಿ "ಹೋಗ್ಲಿ ಬಿಡು, ಕಳೆ ಅಡ್ಡ ಬಂತು" ಎಂದುಬಿಟ್ಟಾನೆಂದು ಭಯವಾಯಿತು. ಅಷ್ಟರಲ್ಲಿ ಕ್ಯಾಜ್ ಎದ್ದು ಲಂಗರು ಎಳೆಯತೊಡಗಿದ. ಹನ್ನೊಂದೂ ಆಗಿರಲಿಲ್ಲ. ಯಾವಾಗಲೂ ಸಂಜೆ ನಾಲ್ಕರವರೆಗೆ ಕೂರುವವರು ಅವರು.

ಕೆಳಗೆ ದೋಣಿ ಇಳಿಸುವ ಕಟ್ಟೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೋಣಿಯನ್ನು ಎಳೆಗಾಡಿಗೆ ಏರಿಸಿ, ಕ್ಯಾಜ್‌ನ ಪಿಕಪ್‌ನಿಂದ ಮೇಲಕ್ಕೆ ಎಳೆದು ನಿಲ್ಲಿಸಿದರು. ನೀರಿನಿಂದ ಬಂದ ದೋಣಿಗೆ ಅಂಟಿದ ಕಳೆಯನ್ನು ಒಂದು ಎಳೆ ಬಿಡದೆ ಕಿತ್ತು ಹೋಗಬೇಕೆಂದು ಇಲ್ಲಿ ಕಾನೂನಿದೆ. ಒಂದು ಹೊಳೆಯ ಕಳೆ ಇನ್ನೊಂದು ಹೊಳೆಗೆ ಹತ್ತಬಾರದು. ಆದ್ದರಿಂದ ಇಬ್ಬರೂ ಎಂದಿನಂತೆ ಆಚೆ ಒಬ್ಬ ಈಚೆ ಒಬ್ಬ ಕುಕ್ಕರುಗಾಲಲ್ಲಿ ಕೂತರು. ಅಚ್ಚಿಗೆ ಸುತ್ತಿದ್ದು, ಚಕ್ರದ ಸಂದಿಯಲ್ಲಿದ್ದದ್ದು, ದೋಣಿಯ ಹೊಟ್ಟೆಗೆ ಮೆತ್ತಿಕೊಂಡ ಎಲೆ. ದೋಣಿಯ ಆಚೆ ಬದಿಯಲ್ಲಿ ಕ್ಯಾಜ್‌ನ ಬೂಟುಗಳು ಮಾತ್ರ ಕಾಣುತ್ತಿದ್ದವು. ಆರ್ವಿಡ್ ಕಿತ್ತ ಕಡೆಯೇ ಮತ್ತೆ ಕೈಯಾಡಿಸಿದ. ಕೆಲಸ ಮುಗಿದರೆ ಮಾತಾಡಬೇಕಾಗುತ್ತದೆ. ಪ್ರತಿ ಸಲವೂ ಈ ಹೊತ್ತಿಗೆ ಕ್ಯಾಜ್ ಸೊಂಟ ಹಿಡಿದುಕೊಂಡು ಎದ್ದು, "ಮುಂದಿನ ಶನಿವಾರ ಐದೂವರೆಗೆ, ನಿದ್ದೆ ಮಾಡಿ ಸಾಯಬೇಡ," ಎನ್ನುತ್ತಿದ್ದ. ಇವತ್ತು ಎದ್ದ, ಕೈ ಒರೆಸಿಕೊಂಡ, ಪಿಕಪ್ ಕಡೆ ಹೊರಟ.

"ಮುಂದಿನ ಶನಿವಾರ..." ಎಂದ ಆರ್ವಿಡ್.

"ಕ್ರೂಗರ್‌ನ ಕರ್ಕೊಂಡು ಬರ್ತೀನಿ ಅಂದಿದೀನಿ. ದೋಣೀಲಿ ಎರಡೇ ಜಾಗ."

"ಅದಾದ ಮೇಲೆ?"

"ಅದಾದ ಮೇಲೆ ಹೊಳೆ ಹೆಪ್ಪುಗಟ್ಟತ್ತೆ," ಎಂದ ಕ್ಯಾಜ್. ದನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನ ಹೇಳಿದಂತೆ ಹೇಳಿದ. ಪಿಕಪ್‌ನ ಬಾಗಿಲು ತೆಗೆದವನು ಏನೋ ನೆನಪಾದಂತೆ ತಿರುಗಿದ. "ನಿನ್ನ ಹತ್ರ ಜಿಗ್ ಎಷ್ಟಿದೆ? ಅವನ ಕೈಯಲ್ಲಿ ನಿಲ್ಲಲ್ಲ, ಎಸೆದಿದ್ದೆಲ್ಲ ಕೊಂಬೆಗೇ. ನನ್ನದು ಎರಡೇ ಉಳಿದಿರೋದು."

ಆರ್ವಿಡ್ ಪೆಟ್ಟಿಗೆ ತೆರೆದು ಇದ್ದ ಐದನ್ನೂ ಅವನ ಅಂಗೈಗೆ ಹಾಕಿದ. ಕ್ಯಾಜ್ ಒಂದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆನ್ನೀಲಿ ದಾರವನ್ನು ಸರಿಸಿ ನೋಡಿದ. "ಇದ್ರಲ್ಲಿ ಇಲ್ಲ. ಬೇಸಿಗೇಲಿ ನನ್ನದೊಂದು ಬಿಚ್ಚಿಹೋದಾಗ ಒಳಗೆ ಕೆಂಪು ಕಂಡೆ. ಬಾಕಿಯವನ್ನೂ ನೋಡ್ದೆ, ಎಲ್ಲದ್ರಲ್ಲೂ ಇತ್ತು. ಯಾಕೋ ಅದು?"

ಹೇಳಲು ಬೇಕಾದಷ್ಟಿತ್ತು. ದಾರ ಮುಗಿದಿತ್ತು. ಕೆಂಪಿಗೆ ಮೀನು ಚೆನ್ನಾಗಿ ಬರುತ್ತದೆ. ನಿನ್ನದು ನನ್ನದು ಬೆರೆಯದಿರಲಿ ಅಂತ. ಬೆಳಿಗ್ಗೆಯಿಂದ ಸುಳ್ಳುಗಳು ಎಷ್ಟು ಸಲೀಸಾಗಿ ಬಂದಿದ್ದವೋ ಅಷ್ಟೇ ಸಲೀಸಾಗಿ ಸಾಲಾಗಿ ಬಂದು ನಿಂತವು. ಆರ್ವಿಡ್ ತನ್ನ ಒದ್ದೆ ಕೈಗಳನ್ನು ನೋಡಿಕೊಂಡ. "ನಿನ್ನ ಮೇಲೆ ಅನುಮಾನ ಇತ್ತು," ಎಂದ. "ಯಾರನ್ನಾದ್ರೂ ಕರ್ಕೊಂಡು ಬರ್ತೀಯ ಅಂತ. ಗೊತ್ತಾಗ್ಲಿ ಅಂತ ಕಟ್ಟಿದ್ದೆ."

ಕ್ಯಾಜ್ ಅವನನ್ನು ನೋಡಿದ. ಇಡೀ ದಿನದಲ್ಲಿ ಹಾಗೆ ನೆಟ್ಟಗೆ ನೋಡಿದ್ದು ಅದೊಂದೇ ಸಲ. ಜಿಗ್‌ಗಳನ್ನು ಒಂದೊಂದಾಗಿ ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡ. "ಒಂಬತ್ತು ವರ್ಷದ ಹಿಂದೆ," ಎಂದ, "ಅದನ್ನ ನಾನು ಕಟ್ಬೇಕಿತ್ತು."

ಪಿಕಪ್ ಜಲ್ಲಿಯ ಮೇಲೆ ಸದ್ದು ಮಾಡುತ್ತ ಏರು ಹತ್ತಿ, ದೋಣಿಯನ್ನು ಹಿಂದೆ ಎಳೆದುಕೊಂಡು, ಮರಗಳ ಆಚೆ ತಿರುಗಿತು. ಆರ್ವಿಡ್ ತಾವಿಬ್ಬರೂ ಕಿತ್ತು ಹಾಕಿದ ಕಳೆಯ ರಾಶಿಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದ. ಲಾವೋನ್ ಇಷ್ಟು ಬೇಗ ಯಾಕೆ ಬಂದೆ ಎಂದು ಕೇಳುತ್ತಾಳೆ. ತನ್ನ ಕಾರಿನ ಕಡೆಗೆ ನಡೆಯುವಾಗ ತೊಡೆಗೆ ಮತ್ತೆ ಚುಚ್ಚಿದಂತಾಯಿತು. ಜೇಬಿಗೆ ಕೈ ಹಾಕಿ ನೋಡಿದ. ಕ್ಯಾಜ್ ಕುಯ್ದ ತೂತು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.